ಆಲಿಸುವಿಕೆ ಮತ್ತು ಭಾಷಾ ಕಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಭಾಷೆ ಕಿವಿಯ ಮೂಲಕ ಎಷ್ಟು ಬರುತ್ತದೆ, ಅದು ಬರಬೇಕಾದರೆ ಹೇಗೆ ಕೇಳಬೇಕು ಎಂಬುದೇ ಆ ವಿಷಯ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಎರಡು ವರ್ಷ ತುಂಬಿತು. ಮಗಳು, ಅಳಿಯ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರಿಬ್ಬರ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಮಗುವನ್ನು ನೋಡಿಕೊಳ್ಳುವ ಆಯಾಳ ಮಾತು ಹಿಂದಿಯಲ್ಲಿ. ಕನ್ನಡ ಬರಲೆಂದು ಮೊಬೈಲಿನಲ್ಲಿ ಕನ್ನಡ ಶಿಶುಗೀತೆಗಳನ್ನು ದಿನವೂ ಹಾಕುತ್ತಾರೆ. ಆದರೂ ಅವನು ಏಳೆಂಟು ಪದಗಳನ್ನಷ್ಟೇ ಆಡುತ್ತಾನೆ. ಇಷ್ಟು ಭಾಷೆಗಳನ್ನು ಕೇಳಿ ಮಗುವಿಗೆ ಗೊಂದಲವಾಗಿದೆಯೇ? (ವಿಜಯನಗರದ ಓದುಗರು)

ಉತ್ತರ: ಮೊದಲು ಮಾಡಬೇಕಾದುದನ್ನು ಮೊದಲೇ ಹೇಳುತ್ತೇನೆ. ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ. ಎರಡು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು ಸುಮಾರು 50 ಪದಗಳನ್ನು ಬಳಸುತ್ತಾರೆ ಮತ್ತು ‘ಅಮ್ಮ ಬಾ’, ‘ಇನ್ನೂ ಬೇಕು’ ಎಂದು ಎರಡೆರಡು ಪದಗಳನ್ನು ಕೂಡಿಸತೊಡಗುತ್ತಾರೆ. ಈ ಎಣಿಕೆಗೆ ಎಲ್ಲ ಭಾಷೆಗಳ ಪದಗಳೂ ಸೇರಬೇಕು. ಆಯಾ ಕಲಿಸಿದ ‘ಪಾನಿ’, ನೀವು ಕಲಿಸಿದ ‘ತಾತ’, ತಾಯಿ ಕಲಿಸಿದ ‘ಬಾಲ್’ ಮೂರೂ ಲೆಕ್ಕಕ್ಕೆ ಬರುತ್ತವೆ. ಹಾಗೆ ಎಣಿಸಿದ ಮೇಲೂ ಏಳೆಂಟೇ ಆದರೆ, ಗಂಡುಮಕ್ಕಳಿಗೆ ಮಾತು ತಡ ಎಂಬ ಸಮಾಧಾನದಲ್ಲಿ ಕಾಯುವುದು ಸರಿಯಲ್ಲ. ಹುಟ್ಟಿದಾಗ ನಡೆಸಿದ ತಪಾಸಣೆಯಲ್ಲಿ ತೊಂದರೆ ಕಾಣದ ಮಗುವಿಗೂ ಪದೇಪದೇ ನೆಗಡಿಯಾಗಿ, ಮಧ್ಯಕಿವಿಯಲ್ಲಿ ದ್ರವ ನಿಂತು, ಕೇಳುವುದು ಮಂದವಾಗಿರಬಹುದು. ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡುವ ಮಗುವಿಗೆ ಮಾತಿನ ಸಣ್ಣ ಧ್ವನಿಗಳು ತಲುಪದಿರುವುದೂ ಉಂಟು. ನಗರದಲ್ಲಿ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ ಎಂಬುದನ್ನು ಗಮನಿಸಿ ತಜ್ಞರಿಗೆ ತಿಳಿಸಿ.

ಭಾಷೆಗಳು ಹೆಚ್ಚಾದವೆಂಬ ಚಿಂತೆಯನ್ನು ಬಿಡಿ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಕನ್ನಡ, ತಮಿಳು, ತೆಲುಗು, ಉರ್ದುಗಳನ್ನು ಒಂದೇ ವಠಾರದಲ್ಲಿ ಕೇಳುತ್ತ ಬೆಳೆದ ಎಷ್ಟೋ ತಲೆಮಾರುಗಳನ್ನು ಈ ಊರು ಕಂಡಿದೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಮೊಬೈಲಿನ ಶಿಶುಗೀತೆಗಳ ವಿಚಾರ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಶಿಯಾ ಕೂಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಶಿಶುಗಳ ಮೇಲೆ ಒಂದು ಪ್ರಯೋಗ ನಡೆಸಿ 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಈ ಶಿಶುಗಳಲ್ಲಿ ಒಂದು ಗುಂಪಿನೊಂದಿಗೆ ಚೀನೀ ಮ್ಯಾಂಡರಿನ್ ಮಾತನಾಡುವವರು ನೆಲದ ಮೇಲೆ ಕೂತು, ಆಟವಾಡುತ್ತ, ಪುಸ್ತಕ ತೋರಿಸುತ್ತ 12 ಬಾರಿ ಕಾಲ ಕಳೆದರು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಲಾಯಿತು, ಮತ್ತೊಂದಕ್ಕೆ ಧ್ವನಿಯನ್ನಷ್ಟೇ ಕೇಳಿಸಲಾಯಿತು. ಎದುರಿಗೆ ಮನುಷ್ಯರಿದ್ದ ಗುಂಪಿನ ಶಿಶುಗಳು ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಲು ಕಲಿತವು; ಉಳಿದೆರಡು ಗುಂಪುಗಳು ಕಲಿಯಲಿಲ್ಲ. ಕಿವಿಗೆ ಬಿದ್ದ ಮಾತು ಎಲ್ಲರಿಗೂ ಒಂದೇ ಆಗಿದ್ದರೂ, ತನ್ನ ಕಣ್ಣನ್ನು ನೋಡಿ, ತಾನು ತೋರಿದ್ದನ್ನು ಹೆಸರಿಸಿ, ತನ್ನ ದನಿಗೆ ದನಿಗೂಡಿಸುವ ಒಬ್ಬರು ಇದ್ದಾಗ ಮಾತ್ರ ಮಗುವಿನ ಮನಸ್ಸು ಆ ಮಾತನ್ನು ಹಿಡಿದುಕೊಂಡಿತು. ಎರಡು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ದೂರದಿಂದ ನೀವು ಮಾಡಬಹುದಾದುದೂ ಇದೆ. ಮಗು ಹೇಳಿದ್ದಕ್ಕೆ ಆಗಲೇ ಉತ್ತರ ಬರುವ ವಿಡಿಯೊ ಕರೆಯಿಂದ ಎರಡು ವರ್ಷದ ಮಕ್ಕಳು ಹೊಸ ಪದ ಕಲಿಯುತ್ತಾರೆ, ಮುದ್ರಿತ ವಿಡಿಯೊದಿಂದ ಕಲಿಯುವುದಿಲ್ಲ ಎಂದು 2014ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಆದ್ದರಿಂದ ಸಂಜೆಯ ಕರೆಯನ್ನು ‘ಊಟ ಆಯ್ತಾ’ ಎಂದು ಮುಗಿಸದೆ, ಅವನ ಕೈಯಲ್ಲಿರುವ ಆಟಿಕೆಯ ಬಗ್ಗೆ ಕನ್ನಡದಲ್ಲೇ ಮಾತನಾಡಿ. ಅವನು ಒಂದು ಪದ ಅಂದರೆ ನೀವು ಅದಕ್ಕೆ ಇನ್ನೊಂದನ್ನು ಸೇರಿಸಿ ಹೇಳಿ. ಹೇಳಿದ ಮೇಲೆ ಅವನ ಸರದಿಗಾಗಿ ಸ್ವಲ್ಪ ಸುಮ್ಮನಿರಿ. ಮಗಳು ಮನೆಯಲ್ಲಿ ಸ್ನಾನ, ಊಟ, ನಿದ್ದೆಯ ಹೊತ್ತನ್ನು ಕನ್ನಡಕ್ಕೆ ಮೀಸಲಿಟ್ಟರೆ ಇನ್ನೂ ಹೆಚ್ಚು ಪ್ರಯೋಜನವಾಗುತ್ತದೆ.

ಪ್ರಶ್ನೆ: ನಮ್ಮ ಸೊಸೆ ಕಾನ್ಪುರದವಳು. ಮದುವೆಯಾಗಿ ಎಂಟು ತಿಂಗಳಾಯಿತು. ಪುಸ್ತಕ ಇಟ್ಟುಕೊಂಡು ಕನ್ನಡ ಅಕ್ಷರ ಕಲಿತಿದ್ದಾಳೆ, ಬೋರ್ಡುಗಳನ್ನು ಓದುತ್ತಾಳೆ. ನಾವು ಮಾತನಾಡಿದರೆ ಅರ್ಧ ಅರ್ಥವಾಗುತ್ತದೆ ಅನ್ನುತ್ತಾಳೆ, ಆದರೆ ತುಟಿ ಬಿಚ್ಚುವುದಿಲ್ಲ. ಒತ್ತಾಯ ಮಾಡಬೇಕೋ, ಬಿಡಬೇಕೋ ತಿಳಿಯದು. (ಜಯನಗರದ ಓದುಗರು)

ಉತ್ತರ: ನಿಮ್ಮ ಸೊಸೆಯ ಮೌನ ಕಲಿಕೆಯ ಒಂದು ಹಂತ. ಹೊಸ ಭಾಷೆಯ ನಡುವೆ ಬಂದವರು ಮಾತಿಗೆ ತೊಡಗುವ ಮೊದಲು ಕೆಲವು ಕಾಲ ಬರಿದೆ ಕೇಳುತ್ತಾರೆ ಎಂಬುದನ್ನು ಭಾಷಾ ಬೋಧಕರು ಬಲ್ಲರು. ಈ ಕಾಲವನ್ನು ಗೌರವಿಸಬೇಕೆಂದು ವಾದಿಸಿದವರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಮುಖ್ಯರು. ಕಲಿಯುವವರಿಗೆ ಅರ್ಥವಾಗುವಂತಹ, ಅವರ ಈಗಿನ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲಿರುವ ಮಾತು ಧಾರಾಳವಾಗಿ ಕಿವಿಗೆ ಬೀಳಬೇಕು ಎಂಬುದು 1980ರ ದಶಕದಲ್ಲಿ ಅವರು ಮಂಡಿಸಿದ ವಿಚಾರ.

ಇಲ್ಲಿ ‘ಅರ್ಥವಾಗುವಂತಹ’ ಎಂಬುದನ್ನು ಮರೆಯಬಾರದು. ಕೇಳಿದ್ದನ್ನು ತಡೆಯಿಲ್ಲದೆ ಅರ್ಥ ಮಾಡಿಕೊಳ್ಳಬೇಕಾದರೆ ನೂರು ಪದಗಳಲ್ಲಿ ಸುಮಾರು 95 ಗೊತ್ತಿರಬೇಕೆಂದು ಸಂಶೋಧಕರು ಹೇಳುತ್ತಾರೆ. ಮನೆಯವರೆಲ್ಲ ಕೂತು ಆಸ್ತಿಯ ವಿಚಾರವನ್ನೋ ನೆಂಟರ ಜಗಳವನ್ನೋ ವೇಗವಾಗಿ ಚರ್ಚಿಸುವಾಗ ಆಕೆ ಪಕ್ಕದಲ್ಲಿದ್ದರೂ ಆ ಮಾತಿನಿಂದ ಹೆಚ್ಚೇನೂ ದಕ್ಕುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಗೆ ಇಡುವಾಗ ‘ಸಾಸಿವೆ ಡಬ್ಬ ಕೊಡು’, ‘ಉರಿ ಸಣ್ಣ ಮಾಡು’, ‘ಕರಿಬೇವು ತೊಳೆದಿದೀಯಾ’ ಎಂದರೆ ವಸ್ತು ಕಣ್ಣೆದುರಿಗಿದೆ, ಕೆಲಸ ಕೈಯಲ್ಲಿದೆ, ಪದದ ಅರ್ಥ ತಾನಾಗಿ ಹೊಳೆಯುತ್ತದೆ, ಬಾಯಿಂದ ಉತ್ತರ ಕೊಡಬೇಕಾದ ಒತ್ತಡವೂ ಇರುವುದಿಲ್ಲ. ಆಜ್ಞೆ ಕೇಳಿ ಕೈಕಾಲು ಆಡಿಸುವುದರಿಂದಲೇ ಆರಂಭಿಸುವ ಇಂಥದೊಂದು ಬೋಧನಾ ಕ್ರಮವನ್ನು ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ರೂಪಿಸಿದರು. ನಮ್ಮ ಅಡುಗೆಮನೆಗಳು ಅದಕ್ಕೆ ತಕ್ಕ ಜಾಗ.

ಪುಸ್ತಕದಿಂದ ಕಲಿತವರಿಗೆ ಕನ್ನಡದಲ್ಲಿ ಇನ್ನೊಂದು ಕಷ್ಟವಿದೆ, ಮತ್ತು ನಾವು ಅದನ್ನು ಸಾಕಷ್ಟು ಗಮನಿಸುವುದಿಲ್ಲ. ಆಕೆ ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ಓದಿರುತ್ತಾಳೆ, ಕಿವಿಗೆ ಬೀಳುವುದು ‘ಎಲ್ಲೋಗ್ತಿದೀರಾ’. ‘ಮಾಡುತ್ತೇನೆ’ ಎಂಬುದು ‘ಮಾಡ್ತೀನಿ’ ಆಗುತ್ತದೆ, ‘ಹೋಗಬೇಕು’ ಎಂಬುದು ‘ಹೋಗ್ಬೇಕು’ ಆಗುತ್ತದೆ. ಬರಹದ ಕನ್ನಡಕ್ಕೂ ಬೆಂಗಳೂರಿನ ಆಡುಗನ್ನಡಕ್ಕೂ ಇರುವ ಈ ಅಂತರವನ್ನು ಪುಸ್ತಕ ದಾಟಿಸಲಾರದು. ‘ನಿಧಾನವಾಗಿ ಹೇಳಿ’ ಎಂದು ಆಕೆ ಕೇಳಿದಾಗ ನಾವು ಗ್ರಾಂಥಿಕ ಕನ್ನಡಕ್ಕೆ ಹೊರಳುವುದರಿಂದ ಆ ಕ್ಷಣಕ್ಕೆ ಅರ್ಥವಾದರೂ ಮರುದಿನ ಬಸ್ಸಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಡುಮಾತನ್ನೇ ಆಡಿ, ತುಸು ತಡೆದು ಆಡಿ, ಅದೇ ಮಾತನ್ನು ಎರಡು ಸಲ ಆಡಿ.

ಧ್ವನಿಗಳ ವಿಷಯದಲ್ಲಿ ತಾಳ್ಮೆ ಬೇಕು. ಇಂಗ್ಲಿಷ್ ಮನೆಗಳಲ್ಲಿ ಹುಟ್ಟಿದ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತ ಮತ್ತು ಟ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದುದನ್ನೂ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಕುಂದಿದುದನ್ನೂ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ತನ್ನ ಭಾಷೆಗೆ ಬೇಡದ ವ್ಯತ್ಯಾಸಗಳನ್ನು ಕಿವಿ ಬಲುಬೇಗ ಕೈಬಿಡುತ್ತದೆ. ತ, ಟ ನಿಮ್ಮ ಸೊಸೆಗೆ ಸಲೀಸು. ಆದರೆ ‘ಹಲ್ಲಿ’ ಮತ್ತು ‘ಹಳ್ಳಿ’, ‘ಕೊಡು’ ಮತ್ತು ‘ಕೋಡು’ ಆಕೆಗೆ ಒಂದೇ ಎನಿಸಬಹುದು, ಏಕೆಂದರೆ ಇಂದಿನ ಹಿಂದಿಯಲ್ಲಿ ಳಕಾರವೂ ಇಲ್ಲ, ಹ್ರಸ್ವ ಒ ಮತ್ತು ದೀರ್ಘ ಓ ಬೇರೆಬೇರೆ ಅರ್ಥ ಕೊಡುವುದೂ ಇಲ್ಲ. ಉಚ್ಚಾರಣೆ ತಿದ್ದುವ ಮೊದಲು ಕಿವಿ ತೆರೆಯಬೇಕು. ದೊಡ್ಡವರಿಗೂ ಇದು ಸಾಧ್ಯ. ಜಪಾನೀಯರು ಇಂಗ್ಲಿಷಿನ ರ ಮತ್ತು ಲ ಧ್ವನಿಗಳನ್ನು ಬೇರ್ಪಡಿಸಿ ಕೇಳಲು ಕಲಿತ ಪ್ರಯೋಗಗಳು 1991ರಿಂದ ಪ್ರಕಟವಾಗಿವೆ, ಮತ್ತು ಅಲ್ಲಿ ಫಲ ಕೊಟ್ಟದ್ದು ಹಲವು ಜನರ ದನಿಯಲ್ಲಿ ಕೇಳಿಸಿದ ಅಭ್ಯಾಸ. ಆದ್ದರಿಂದ ನಿಮ್ಮೊಬ್ಬರ ಮಾತು ಸಾಲದು. ಮಾವನವರದು, ಹೂ ಮಾರುವವರದು, ಎದುರುಮನೆಯ ಮಕ್ಕಳದು ಎಲ್ಲವೂ ಬೇಕು. ಈ ಊರಿನ ಒಂದು ತೊಡಕೆಂದರೆ ಹೊರಗಿನಿಂದ ಬಂದವರ ಮುಖ ಕಂಡೊಡನೆ ಅಂಗಡಿಯವರೂ ಆಟೋದವರೂ ಹಿಂದಿಗೋ ಇಂಗ್ಲಿಷಿಗೋ ತಿರುಗಿಬಿಡುತ್ತಾರೆ. ಅದು ಸೌಜನ್ಯವೇ ಆದರೂ ಕಲಿಯುವವರಿಗೆ ಸಿಗಬೇಕಾದ ಕನ್ನಡ ಅಷ್ಟರಮಟ್ಟಿಗೆ ತಪ್ಪಿಹೋಗುತ್ತದೆ.

ಹಾಗೆಂದು ಕೇಳುತ್ತಲೇ ಇದ್ದರೆ ಮಾತು ಬಂದೀತೆಂದು ಕೈಕಟ್ಟಿ ಕೂರಬಾರದು; ಈ ವಿಷಯದಲ್ಲಿ ನನಗೆ ಕ್ರಾಶೆನ್ ಅವರ ವಾದ ಪೂರ್ತಿ ಒಪ್ಪಿಗೆಯಿಲ್ಲ. ಕೆನಡಾದಲ್ಲಿ ಶಾಲೆಯ ಪಾಠಗಳನ್ನು ಫ್ರೆಂಚ್ ಭಾಷೆಯಲ್ಲಿ ಕೇಳಿ ಕಲಿತ ಇಂಗ್ಲಿಷ್ ಮಕ್ಕಳು ಕೇಳಿ ಗ್ರಹಿಸುವುದರಲ್ಲಿ ಫ್ರೆಂಚ್ ಮಕ್ಕಳಿಗೆ ಹತ್ತಿರ ಬಂದರೂ ಮಾತು, ಬರಹಗಳಲ್ಲಿ ಹಿಂದುಳಿದಿದ್ದನ್ನು ಮೆರಿಲ್ ಸ್ವೇನ್ 1985ರಲ್ಲಿ ಎತ್ತಿ ತೋರಿಸಿದರು. ತಾನೇ ವಾಕ್ಯ ಕಟ್ಟಬೇಕಾಗಿ ಬಂದಾಗಲೇ ತನಗೆ ಎಲ್ಲಿ ಕೊರತೆಯಿದೆಯೆಂದು ತಿಳಿಯುತ್ತದೆ, ಆಮೇಲೆ ಕೇಳುವಾಗ ಕಿವಿ ಅದನ್ನೇ ಹುಡುಕುತ್ತದೆ. ಎಂಟು ತಿಂಗಳಾಗಿರುವುದರಿಂದ ಈಗ ಸಣ್ಣ ಕೆಲಸಗಳನ್ನು ಆಕೆಗೇ ಬಿಡಿ: ಹೂ ತರುವುದು, ಹಾಲಿನವರಿಗೆ ನಾಳೆ ಎಷ್ಟು ಬೇಕೆಂದು ಹೇಳುವುದು. ನೆಂಟರ ಮುಂದೆ ‘ಎಲ್ಲಿ, ಒಂದೆರಡು ಮಾತು ಕನ್ನಡದಲ್ಲಿ ಹೇಳು ನೋಡೋಣ’ ಎಂದು ಮಾತ್ರ ಎಂದೂ ಕೇಳಬೇಡಿ. ತಪ್ಪು ಆಡಿದಾಗ ನಗದೆ, ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಸೇರಿಸಿ ಹೇಳಿದರೆ ಸಾಕು.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಪುಸ್ತಕ ಓದಿದರೆ ಅರ್ಥವಾಗುತ್ತದೆ, ತರಗತಿಯಲ್ಲಿ ಉಪನ್ಯಾಸ ಕೇಳಿದರೆ ತಲೆಗೆ ಹೋಗುವುದಿಲ್ಲ. ಇಂಗ್ಲಿಷ್ ಸಿನಿಮಾ ನೋಡು ಅನ್ನುತ್ತಾರೆ. ಅದರಿಂದ ಉಪಯೋಗವಿದೆಯೇ? (ಹಾಸ್ಟೆಲ್‌ವಾಸಿ ವಿದ್ಯಾರ್ಥಿ)

ಉತ್ತರ: ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಿಳಿಯಬೇಡಿ. ನಿಮಗೆ ಕಣ್ಣಿನಿಂದ ಗೊತ್ತಿರುವ ಪದಗಳು ಕಿವಿಗೆ ಇನ್ನೂ ಪರಿಚಯವಾಗಿಲ್ಲ. ಬರಹದಲ್ಲಿ ಪದಗಳ ನಡುವೆ ಜಾಗವಿರುತ್ತದೆ, ಮಾತಿನಲ್ಲಿ ಇರುವುದಿಲ್ಲ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಯಿತು ಎಂಬುದನ್ನು ಕಿವಿಯೇ ಕಂಡುಕೊಳ್ಳಬೇಕು. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಪೂರ್ಣ ಉಚ್ಚಾರಣೆ ಕೊಡುತ್ತೇವೆ. ಇಂಗ್ಲಿಷ್ ತಾಯ್ನುಡಿಯಾಗಿರುವವರು ಒತ್ತು ಬೀಳುವ ಭಾಗವನ್ನು ಎತ್ತಿ, ‘ಆಫ್’, ‘ಟು’, ‘ಆ್ಯಂಡ್’ ಮುಂತಾದ ಸಣ್ಣ ಪದಗಳನ್ನು ನುಂಗಿಬಿಡುತ್ತಾರೆ. ಇದರ ಮೇಲೆ, ಕನ್ನಡದಲ್ಲಿ ‘ಇಲ್ಲ’ ಎಂಬುದು ವಾಕ್ಯದ ಕೊನೆಗೆ ಸ್ಪಷ್ಟವಾಗಿ ಬಂದರೆ ಇಂಗ್ಲಿಷಿನಲ್ಲಿ ನಿಷೇಧ ಮೊದಲೇ, ಒಂದು ಸಣ್ಣ ಧ್ವನಿಯಾಗಿ ಬಂದುಹೋಗಿರುತ್ತದೆ.

ಆದ್ದರಿಂದ ಹಾಲಿವುಡ್ ಸಿನಿಮಾಗಳಿಂದ ಆರಂಭಿಸುವುದು ನಿಮಗೆ ಸರಿಯಾದ ದಾರಿಯಲ್ಲ. ಅಲ್ಲಿನ ಉಚ್ಚಾರಣೆಯೂ ವಿಷಯವೂ ನಿಮ್ಮ ತರಗತಿಯದಲ್ಲ. ಐಐಟಿಗಳು ಮತ್ತು ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ, ಭಾರತೀಯ ಅಧ್ಯಾಪಕರ ಉಚ್ಚಾರಣೆಯಲ್ಲಿರುತ್ತವೆ, ಅನೇಕ ಪಾಠಗಳಿಗೆ ಮಾತಿನ ಲಿಖಿತ ರೂಪವೂ ಇದೆ. ನೀವು ಈಗಾಗಲೇ ಓದಿ ಅರ್ಥ ಮಾಡಿಕೊಂಡ ಅಧ್ಯಾಯದ ಉಪನ್ಯಾಸವನ್ನೇ ಆರಿಸಿ, ಅದರಲ್ಲಿ ಎರಡು ಮೂರು ನಿಮಿಷದ ತುಣುಕನ್ನು ಮಾತ್ರ ತೆಗೆದುಕೊಳ್ಳಿ. ಮೊದಲು ಪಠ್ಯ ನೋಡದೆ ಕೇಳಿ. ಆಮೇಲೆ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಶಾಲೆಯಲ್ಲಿ ಉಕ್ತಲೇಖನ ಬರೆದಂತೆ ಕೇಳಿದ್ದನ್ನು ಬರೆಯಿರಿ. ಕೊನೆಗೆ ಲಿಖಿತ ರೂಪದೊಂದಿಗೆ ಹೋಲಿಸಿ, ತಪ್ಪಿದ ಜಾಗವನ್ನು ಮತ್ತೆ ಮತ್ತೆ ಕೇಳಿ. ಗೊತ್ತಿರುವ ಪದವೇ ಅಲ್ಲಿ ಬೇರೆ ವೇಷದಲ್ಲಿ ಇತ್ತೆಂದು ಹಲವು ಸಲ ಕಾಣುತ್ತದೆ. ಉಕ್ತಲೇಖನವನ್ನು ಹಳೆಯ ಪದ್ಧತಿಯೆಂದು ಶಾಲೆಗಳು ಕೈಬಿಡುತ್ತಿರುವುದು ನನಗೆ ಬೇಸರದ ಸಂಗತಿ. ಕಿವಿಯನ್ನೂ ಕಣ್ಣನ್ನೂ ಜೋಡಿಸುವುದಕ್ಕೆ ಅದಕ್ಕಿಂತ ಅಗ್ಗದ ಸಾಧನವಿಲ್ಲ.

ಮುಂದೆ ಸಿನಿಮಾ ನೋಡುವಾಗ ಅಡಿಬರಹ ಇಂಗ್ಲಿಷಿನಲ್ಲೇ ಇರಲಿ. ಡಚ್ ಭಾಷಿಕರು ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾದ ಇಂಗ್ಲಿಷನ್ನು ಕೇಳಿದ 2009ರ ಒಂದು ಪ್ರಯೋಗದಲ್ಲಿ ಇಂಗ್ಲಿಷ್ ಅಡಿಬರಹವಿದ್ದವರ ಕಿವಿ ಆ ಉಚ್ಚಾರಣೆಗೆ ಹೊಂದಿಕೊಂಡಿತು, ಡಚ್ ಅಡಿಬರಹದಿಂದ ಅಂಥ ಲಾಭವಾಗಲಿಲ್ಲ. ತರಗತಿಗೆ ಹೋಗುವ ಹಿಂದಿನ ರಾತ್ರಿ ಆ ದಿನದ ಪಾಠವನ್ನು ಒಮ್ಮೆ ಓದಿ, ಪಾರಿಭಾಷಿಕ ಪದಗಳ ಉಚ್ಚಾರಣೆಯನ್ನು ಫೋನಿನಲ್ಲಿ ಕೇಳಿಕೊಂಡು ಹೋಗಿ. ತರಗತಿಯಲ್ಲಿ ಎಲ್ಲವನ್ನೂ ಬರೆದುಕೊಳ್ಳಲು ಹೋಗಬೇಡಿ. ಬರೆಯುವ ಕೈ ಕೇಳುವ ಗಮನವನ್ನು ಕಸಿಯುತ್ತದೆ.

ಪ್ರಶ್ನೆ: ತಂದೆಗೆ 76 ವರ್ಷ. ‘ಕೇಳ್ಸತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ’ ಅನ್ನುತ್ತಾರೆ. ಕಿರುಚಿ ಹೇಳಿದರೆ ಸಿಟ್ಟಾಗುತ್ತಾರೆ. ಇದು ಮರೆವಿನ ಕಾಯಿಲೆಯ ಆರಂಭವೇ? (ಮಲ್ಲೇಶ್ವರದ ಓದುಗರು)

ಉತ್ತರ: ಪರೀಕ್ಷೆಗೆ ಮೊದಲೇ ಹಾಗೆಂದುಕೊಳ್ಳಬೇಡಿ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು ಕೇಳುವ ಶಕ್ತಿ. ಮಾತಿನ ಗಟ್ಟಿತನ ಸ್ವರಗಳಲ್ಲಿದ್ದರೆ, ಪದದಿಂದ ಪದವನ್ನು ಬೇರ್ಪಡಿಸುವ ಸ, ತ, ಕ ಮೊದಲಾದ ವ್ಯಂಜನಗಳ ಗುರುತು ಹೆಚ್ಚಾಗಿ ಆ ಎತ್ತರದ ಭಾಗದಲ್ಲಿರುತ್ತದೆ. ಹಾಗಾಗಿ ನೀವು ಮಾತನಾಡುತ್ತಿರುವುದು ಅವರಿಗೆ ಕೇಳುತ್ತದೆ, ಹೇಳಿದ್ದು ‘ಕಾಸು’ ಎಂದೋ ‘ತಾಸು’ ಎಂದೋ, ಊಟಕ್ಕೆ ಕೂತಾಗ ‘ಸಾಕಾ’ ಎಂದೋ ‘ಹಾಕ್ಲಾ’ ಎಂದೋ ತಿಳಿಯುವುದಿಲ್ಲ. ಕಿರುಚಿದರೆ ಸ್ವರಗಳಷ್ಟೇ ಜೋರಾಗುತ್ತವೆ. ಶ್ರವಣ ತಜ್ಞರಲ್ಲಿ ಆಡಿಯೋಗ್ರಾಂ ಮಾಡಿಸಿ. ಶ್ರವಣ ಸಾಧನ ಬೇಕೆಂದರೆ ಅಂಗಡಿಯಿಂದ ನೇರವಾಗಿ ತಾರದೆ, ಪರೀಕ್ಷೆಯ ಫಲಿತಾಂಶಕ್ಕೆ ಹೊಂದಿಸಿದ್ದನ್ನೇ ಕೊಳ್ಳಿ. ಅದನ್ನು ಹಾಕಿಕೊಂಡ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದೂ ಕಾಗದದ ಸದ್ದೂ ಕಿರಿಕಿರಿಯಾಗುವುದು ಸಹಜ, ಮೆದುಳು ಹೊಂದಿಕೊಳ್ಳಲು ಕಾಲ ಹಿಡಿಯುತ್ತದೆ. ಬಿಚ್ಚಿ ಡ್ರಾಯರಿನಲ್ಲಿಡಲು ಬಿಡಬೇಡಿ. ಅಲ್ಲಿಯವರೆಗೆ ಟಿವಿ, ಮಿಕ್ಸಿ ನಿಲ್ಲಿಸಿ, ಬೆಳಕಿರುವ ಕಡೆ ಅವರ ಎದುರಿಗೆ ಕೂತು, ಯಾವ ವಿಷಯವೆಂದು ಮೊದಲೇ ತಿಳಿಸಿ ಸಹಜ ದನಿಯಲ್ಲಿ ಮಾತನಾಡಿ. ಒಂದು ಮಾತು ತಿಳಿಯದಿದ್ದಾಗ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ ನೋಡಿ.