ಸಂಶೋಧಕರು ಅದೇ ಹಳ್ಳಿಗೆ ಮತ್ತೆ ಮತ್ತೆ ಯಾಕೆ ಹೋಗುತ್ತಾರೆ?

ಒಂದೇ ಸಲ ಸಮೀಕ್ಷೆ ಮಾಡಿದರೆ ಹಳ್ಳಿಯ ಆ ಹೊತ್ತಿನ ಸ್ಥಿತಿ ಮಾತ್ರ ಸಿಗುತ್ತದೆ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ತಿಳಿಯಲು ವರ್ಷಗಳಾದ ಮೇಲೆ ಅಲ್ಲಿಗೇ ಹೋಗಿ ಕೇಳಬೇಕು. ಉತ್ತರ ಪ್ರದೇಶದ ಪಾಲನ್‌ಪುರದಲ್ಲಿ 1957-58ರಿಂದ ಹೀಗೆ ಮನೆಮನೆಯ ಲೆಕ್ಕ ತೆಗೆದುಕೊಂಡು ಬಂದಿದ್ದಾರೆ. ಮೊದಲು ನೀರಾವರಿ, ಹೊಸ ಗೋಧಿ ತಳಿಗಳಿಂದ ಆದಾಯ ಏರಿತು. ಆಮೇಲೆ ಬೇಸಾಯದ ಹೊರಗಿನ ಕೆಲಸಗಳ ಪಾಲು ಜಾಸ್ತಿಯಾಯಿತು. ಜಮೀನು ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಅಲ್ವಾ?

ಆದರೆ ನೋಡುವವರು ಬದಲಾದರೆ ಎಚ್ಚರ ಬೇಕು. ಮೆಕ್ಸಿಕೋದ ಟೆಪೋಸ್ಟ್ಲಾನ್‌ನಲ್ಲಿ 1920ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ ಹೊಂದಾಣಿಕೆಯ ಬದುಕು ಕಂಡರು. 1943ರಲ್ಲಿ ಅದೇ ಹಳ್ಳಿಗೆ ಹೋದ ಇನ್ನೊಬ್ಬ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ ಬಡತನ, ಜಗಳ, ಅಪನಂಬಿಕೆ ಕಂಡರು. ಜನ ಯಾವುದರಲ್ಲಿ ಸುಖಪಡುತ್ತಾರೆ ಅನ್ನುವುದು ತಮ್ಮ ಪ್ರಶ್ನೆ, ಯಾವುದರಿಂದ ನರಳುತ್ತಾರೆ ಅನ್ನುವುದು ಲೂಯಿಸ್ ಅವರ ಪ್ರಶ್ನೆ ಅಂತ ಮುಂದೆ ರೆಡ್‌ಫೀಲ್ಡ್ ಅವರೇ ಬರೆದರು.