ಬಿಲ್ಲಿನ ಪದರಪಟ್ಟಿಗಳನ್ನು ಉಜ್ಜುವ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಪಿಲ್ಲರ್ ಡ್ರಿಲ್ಲಿಂಗ್ ಮಷೀನು, ಸಣ್ಣದೊಂದು ಗರಗಸದ ಮಷೀನು ಮತ್ತು ಒಂದು ಅಶ್ವಶಕ್ತಿಯ ಹಳೆಯ ಮೋಟಾರು ಇವೆ. ಮರದ ತೆಳು ಪಟ್ಟಿಗಳನ್ನು ಪದರಪದರವಾಗಿ ಅಂಟಿಸಿ ಬಿಲ್ಲು ಮಾಡಬೇಕೆಂದಿದ್ದೇನೆ. ಆದರೆ ಗರಗಸದಲ್ಲಿ ಸೀಳಿದ ಪಟ್ಟಿಗಳ ದಪ್ಪ ಒಂದೇ ಸಮನಾಗಿ ಬರುತ್ತಿಲ್ಲ. ಡ್ರಿಲ್ಲಿಂಗ್ ಮಷೀನಿಗೆ ಸ್ಯಾಂಡಿಂಗ್ ಡ್ರಮ್ (ಮರಳುಕಾಗದ ಸುತ್ತಿದ ಉರುಳೆ) ಸಿಕ್ಕಿಸಿ ಉಜ್ಜಬಹುದೇ, ಬೇರೆ ಯಂತ್ರವನ್ನೇ ಕಟ್ಟಬೇಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಗಂಡುಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಅದರ ಕೈಗಿಡುವ ಸಂಪ್ರದಾಯವುಳ್ಳ ಕೊಡಗಿನಿಂದ ಈ ಪ್ರಶ್ನೆ ಬಂದಿರುವುದು ನನಗೆ ಬಹಳ ಸಂತೋಷ ತಂದಿದೆ.

ಬಿಲ್ಲಿನ ತೋಳಿನ, ಅಂದರೆ ಹಿಡಿಯಿಂದ ತುದಿಯವರೆಗೆ ಬಾಗುವ ಭಾಗದ, ಬಿಗಿತವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಶೇ 10ರಷ್ಟು ಹೆಚ್ಚಿದರೆ ಬಿಗಿತ ಶೇ 33ರಷ್ಟು ಹೆಚ್ಚುತ್ತದೆ, 8 ಮಿ.ಮೀ. ದಪ್ಪದ ತೋಳಿನಲ್ಲಿ ಕೇವಲ 0.1 ಮಿ.ಮೀ. ಹೆಚ್ಚಾದರೂ ಬಿಗಿತ ಸುಮಾರು ಶೇ 4ರಷ್ಟು ಏರುತ್ತದೆ. ಈ ವ್ಯತ್ಯಾಸ ಎರಡು ತೋಳುಗಳ ಪೈಕಿ ಒಂದರಲ್ಲಿ ಮಾತ್ರ ಇದ್ದರೆ ಬಿಲ್ಲು ಒಂದು ಕಡೆಗೆ ಹೆಚ್ಚು ಬಾಗುತ್ತದೆ. ಆದ್ದರಿಂದ ನಿಮಗೆ ಬೇಕಾಗಿರುವುದು ವೇಗವಾಗಿ ಮರ ತೆಗೆಯುವ ಯಂತ್ರವಲ್ಲ, ಎಷ್ಟು ಬಾರಿ ಉಜ್ಜಿದರೂ ಅದೇ ದಪ್ಪವನ್ನು ಕೊಡುವ ಯಂತ್ರ. ದುಡ್ಡನ್ನು ಮೋಟಾರಿಗಿಂತ ಶಾಫ್ಟು ಮತ್ತು ಬೇರಿಂಗುಗಳಿಗೆ ಹಾಕಿರಿ ಎಂಬುದು ನನ್ನ ದೃಢವಾದ ಸಲಹೆ.

ಡ್ರಿಲ್ಲಿಂಗ್ ಮಷೀನನ್ನು ನಾನು ಒಪ್ಪುವುದಿಲ್ಲ. ಅದು ಕೆಳಮುಖವಾದ ಒತ್ತಡಕ್ಕಾಗಿ ಮಾಡಿದ ಯಂತ್ರ. ಡ್ರಮ್ಮಿಗೆ ಪಕ್ಕದಿಂದ ಒತ್ತಡ ಬಿದ್ದಾಗ ಸ್ಪಿಂಡಲ್ ಕೂದಲೆಳೆಯಷ್ಟು ವಾಲಿದರೂ ಪಟ್ಟಿಯ ಒಂದು ಅಂಚು ತೆಳ್ಳಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಟೇಪರಿನ (ಮೊನಚಾಗುತ್ತ ಹೋಗುವ ದಂಡಿನ) ಹಿಡಿತದಲ್ಲಷ್ಟೇ ನಿಂತಿರುವ ಚಕ್ (ಡ್ರಮ್ಮನ್ನು ಕಚ್ಚಿ ಹಿಡಿಯುವ ಭಾಗ) ತಿರುಗುತ್ತಿರುವಾಗಲೇ ಕಳಚಿ ಬೀಳಬಹುದು.

ಬದಲಾಗಿ 25 ಮಿ.ಮೀ. ಶಾಫ್ಟನ್ನು ಯುಸಿಪಿ 205 ಮಾದರಿಯ ಎರಡು ಬೇರಿಂಗ್ ಬ್ಲಾಕುಗಳ ನಡುವೆ ಅಡ್ಡವಾಗಿ ಕೂರಿಸಿ, ಅದರ ಮೇಲೆ ಪ್ಲೈವುಡ್ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿ 100 ಮಿ.ಮೀ. ವ್ಯಾಸದ ಡ್ರಮ್ ಮಾಡಿ, ಅದು ಜಾರದಂತೆ ಪಿನ್ ಹೊಡೆಯಿರಿ. ಸಮಾನ ಅಳತೆಯ ಪುಲ್ಲಿಗಳನ್ನು ಹಾಕಿ ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ ಬೆಲ್ಟ್ ಜೋಡಿಸಿದರೆ ಡ್ರಮ್ಮಿನ ಮೇಲ್ಮೈ ವೇಗ ಸೆಕೆಂಡಿಗೆ ಸುಮಾರು 7.5 ಮೀಟರ್ ಆಗುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು. ಪಟ್ಟಿ ಡ್ರಮ್ಮಿನ ಕೆಳಗೆ ಒಂದು ಮೇಜಿನ ಮೇಲೆ ಹಾಯಬೇಕು. ಆ ಮೇಜಿಗೆ, ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್ ತುಂಡಿಗಿಂತ ಒಳ್ಳೆಯದು ಸುಲಭವಾಗಿ ಸಿಗದು. ಮೇಜಿನ ಒಂದು ತುದಿಗೆ ಸಡಿಲವಿಲ್ಲದ ಕೀಲನ್ನು ಶಾಫ್ಟಿಗೆ ಸಮಾನಾಂತರವಾಗಿ ಕೂರಿಸಿ, ಇನ್ನೊಂದು ತುದಿಯನ್ನು 10 ಮಿ.ಮೀ. ಸ್ಕ್ರೂ ಮೇಲೆ ನಿಲ್ಲಿಸಿರಿ. ಕೀಲಿನಿಂದ ಸ್ಕ್ರೂ 600 ಮಿ.ಮೀ., ಡ್ರಮ್ 200 ಮಿ.ಮೀ. ದೂರದಲ್ಲಿದ್ದರೆ, ಒಂದು ಸುತ್ತಿಗೆ 1.5 ಮಿ.ಮೀ. ಏರುವ ಆ ಸ್ಕ್ರೂ ಡ್ರಮ್ಮಿನ ಕೆಳಗೆ ಮೇಜನ್ನು ಅರ್ಧ ಮಿ.ಮೀ. ಮಾತ್ರ ಎತ್ತುತ್ತದೆ, ಕಾಲು ಸುತ್ತಿಗೆ ಸುಮಾರು 0.12 ಮಿ.ಮೀ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಉಜ್ಜಬೇಡಿ, ಮರ ಸುಟ್ಟು, ಡ್ರಮ್ಮಿಗೆ ಸುತ್ತುವ ಎಮರಿ ಬಟ್ಟೆಯ ಹರಳುಗಳ ನಡುವೆ ಕಟ್ಟಿಕೊಳ್ಳುತ್ತದೆ.

ಡ್ರಮ್ಮನ್ನು ಲೇತಿನಲ್ಲಿ ಕಡೆಸಿ ತಂದರೂ ಕೊನೆಯ ಹದವನ್ನು ಅದರ ಸ್ವಂತ ಬೇರಿಂಗುಗಳ ಮೇಲೆಯೇ ಮಾಡಿರಿ. ಸಪಾಟಾದ ಹಲಗೆಗೆ ಒರಟು ಮರಳುಕಾಗದ ಅಂಟಿಸಿ, ಮೇಜಿನ ಮೇಲಿಟ್ಟು, ತಿರುಗುವ ಡ್ರಮ್ಮಿನ ಕೆಳಗೆ ಹಾಯಿಸಿದರೆ ಡ್ರಮ್ ಮೇಜಿಗೆ ತಾನಾಗಿಯೇ ಸಮಾನಾಂತರವಾಗುತ್ತದೆ. ಆಮೇಲೆ 40 ಅಥವಾ 60ನೇ ನಂಬರಿನ ಎಮರಿ ಬಟ್ಟೆಯನ್ನು, ತಿರುಗಿದಂತೆ ಬಿಗಿಯಾಗುವ ದಿಕ್ಕಿನಲ್ಲಿ, ಅಂಚಿನ ಮೇಲೆ ಅಂಚು ಏರದಂತೆ ಸುತ್ತಿರಿ. ಆ ಒರಟು ಗೀರುಗಳನ್ನು ನುಣುಪು ಮಾಡಬೇಡಿ. ಅಂಟು ಕಚ್ಚಿಕೊಳ್ಳಲು ಅವು ಬೇಕು.

ಪಟ್ಟಿಯನ್ನು ಸದಾ ಡ್ರಮ್ ತಿರುಗುವ ದಿಕ್ಕಿಗೆ ಎದುರಾಗಿಯೇ ತಳ್ಳಬೇಕು. ಅದೇ ದಿಕ್ಕಿನಲ್ಲಿ ಕೊಟ್ಟರೆ ಡ್ರಮ್ ಅದನ್ನು ಕೈಯಿಂದ ಕಿತ್ತು ಬಾಣದಂತೆ ಎಸೆಯುತ್ತದೆ. ಎದುರಾಗಿ ಕೊಡುವಾಗಲೂ ಕೈ ಸಡಿಲಿದರೆ ಪಟ್ಟಿ ನಿಮ್ಮತ್ತ ಚಿಮ್ಮುತ್ತದೆಯಾದ್ದರಿಂದ ಅದರ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿರಿ. ಅರ್ಧ ದಾಟಿದ ಮೇಲೆ ಆಚೆ ಬದಿಯಿಂದ ಎಳೆದುಕೊಳ್ಳಿರಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಕಡೆ ಮೋಟಾರಿಗೆ ಬರೀ ಸ್ವಿಚ್ ಸಾಲದು. ಪಂಪ್‌ಸೆಟ್ಟಿಗೆ ಹಾಕುವ ಡಿಒಎಲ್ ಸ್ಟಾರ್ಟರ್ ಇದ್ದರೆ, ಕರೆಂಟು ಮರಳಿದಾಗ ಯಂತ್ರ ತಾನೇ ತಿರುಗಲಾರಂಭಿಸುವ ಅಪಾಯವಿರುವುದಿಲ್ಲ.

ಪ್ರಶ್ನೆ: ಹಿಡಿಯ ಕಡೆ ದಪ್ಪವಾಗಿದ್ದು ತುದಿಯತ್ತ ತೆಳ್ಳಗಾಗುತ್ತ ಹೋಗುವ ಪಟ್ಟಿಯನ್ನು ಇಂತಹ ಯಂತ್ರದಲ್ಲಿ ಹೇಗೆ ಪಡೆಯುವುದು?
– ಓದುಗರು, ಗೋಣಿಕೊಪ್ಪಲು

ಉತ್ತರ: ಇಳಿಜಾರಿನ ಹಲಗೆಯೊಂದನ್ನು ಮಾಡಿ, ಪಟ್ಟಿಯನ್ನು ಅದರ ಮೇಲಿಟ್ಟು ಎರಡನ್ನೂ ಒಟ್ಟಿಗೆ ಹಾಯಿಸಬೇಕು, ಹಲಗೆ ದಪ್ಪವಿದ್ದಲ್ಲಿ ಪಟ್ಟಿ ತೆಳ್ಳಗಾಗುತ್ತದೆ. ಇಳಿತ ಸಾಮಾನ್ಯವಾಗಿ ಮೀಟರಿಗೆ 1ರಿಂದ 2 ಮಿ.ಮೀ. ಈ ಹಲಗೆಯನ್ನು ಯಂತ್ರದಿಂದಲೇ ಮಾಡಿಸಿಕೊಳ್ಳಬಹುದು. ಒಂದು ಮೀಟರ್ ಉದ್ದದ, ಸಮದಪ್ಪದ ಹಲಗೆಯನ್ನು ಇನ್ನೊಂದು ಗಟ್ಟಿ ಹಲಗೆಯ ಮೇಲಿಟ್ಟು, ಪ್ರತಿ 25 ಸೆಂ.ಮೀ.ಗೆ 0.5, 1, 1.5, 2 ಮಿ.ಮೀ. ದಪ್ಪದ ತಗಡಿನ ತುಂಡುಗಳನ್ನು ಅಡಿಗೆ ಕೊಟ್ಟು ಬಿಗಿದು, ಮೇಲ್ಮೈ ಪೂರ್ತಿ ಸಮವಾಗುವವರೆಗೆ ಉಜ್ಜಿರಿ. ತಗಡುಗಳನ್ನು ತೆಗೆದಾಗ ಮೀಟರಿಗೆ 2 ಮಿ.ಮೀ. ಇಳಿತದ ಹಲಗೆ ಸಿದ್ಧವಾಗಿರುತ್ತದೆ.

ಎರಡು ತೋಳುಗಳ ಪಟ್ಟಿಗಳನ್ನು ಒಂದೇ ಹಲಗೆಯಿಂದ ಅಕ್ಕಪಕ್ಕದಲ್ಲಿ ಸೀಳಿ, ಕೊನೆಯ ಉಜ್ಜುವಿಕೆಯಲ್ಲಿ ಸ್ಕ್ರೂವನ್ನು ಮುಟ್ಟದೆ ಎರಡನ್ನೂ ಹಾಯಿಸಿ, ಅಂಗೈಯಗಲಕ್ಕೊಂದರಂತೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಪಟ್ಟಿಯ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆದಿಡಿ.

ಪ್ರಶ್ನೆ: ಮಡಿಕೇರಿಯ ಮಳೆಗಾಲದಲ್ಲಿ ಈ ಕೆಲಸ ಮಾಡಬಹುದೇ? ಯಾವ ಮರ ಆಗಬಹುದು?
– ಓದುಗರು, ಮಡಿಕೇರಿ

ಉತ್ತರ: ಉಜ್ಜಬಹುದು, ಆದರೆ ಒಣಗಿಸದೆ ಅಂಟಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ಬಿಟ್ಟ ಮರ ತೇವ ಹೀರಿಕೊಂಡೇ ಇರುತ್ತದೆ. ಶೇ 8ರಿಂದ 10ರಷ್ಟು ತೇವಾಂಶಕ್ಕೆ ತರಲು ಮುಚ್ಚಿದ ಪೆಟ್ಟಿಗೆಯಲ್ಲಿ ಹಳೆಯ ತಂತಿಯ ಬಲ್ಬನ್ನು ಉರಿಸಿಡಿ. ಎಲ್‌ಇಡಿ ಬಲ್ಬಿನ ಕಾವು ಸಾಲದು. ಅಭ್ಯಾಸಕ್ಕೆ ತೋಟದ ಸಿಲ್ವರ್ ಓಕ್, ಬಿಲ್ಲಿಗೆ ಬಲಿತ ಬಿದಿರು ಎಂಬುದು ನನ್ನ ಆಯ್ಕೆ. ಬಿದಿರಿನ ಗಟ್ಟಿ ನಾರು ಹೊರಮೈಯ ಕಡೆಗಿರುವುದರಿಂದ ಆದಷ್ಟೂ ಒಳಮೈಯನ್ನು ಉಜ್ಜಿರಿ. ತೇಗ ಎಣ್ಣೆಯಂಶದ ಮರ. ಉಜ್ಜಿದ ದಿನವೇ ಅಸಿಟೋನಿನಿಂದ ಒರೆಸಿ, ಆರಿದೊಡನೆ ಅಂಟಿಸದಿದ್ದರೆ ಎಪಾಕ್ಸಿ ಅಂಟು ಬಿಟ್ಟುಕೊಳ್ಳಬಹುದು.

ಮಳೆಗೆಂದು ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಉಜ್ಜುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಡ್ರಮ್ಮಿಗೆ ತಗಡಿನ ಮುಚ್ಚಳ ಮಾಡಿ ಅದಕ್ಕೆ ವ್ಯಾಕ್ಯೂಮಿನ ಕೊಳವೆ ಜೋಡಿಸಿರಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಆಗದು, ಎನ್95 ಮಾಸ್ಕೇ ಬೇಕು.