ಎಲಿಜಬೆತ್, ಮೇರಿ ಮತ್ತು ಎರಡು ಸಾವುಗಳು

ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ಮತ್ತು ಅವಳ ಸಂಬಂಧಿ, ಸ್ಕಾಟ್ಲೆಂಡಿನ ರಾಣಿ ಮೇರಿ, ಈ ಇಬ್ಬರಲ್ಲಿ ರಾಜಕೀಯ ವಿವೇಕ ಯಾರಿಗೆ ಹೆಚ್ಚಿತ್ತು, ಮೇರಿಗೆ ಅದೃಷ್ಟವಷ್ಟೇ ಕೈಕೊಟ್ಟಿತೇ ಎಂದು ಕೇಳಿದ್ದೀರಿ. ನಾನು ಎಲಿಜಬೆತ್ ಕಡೆಯವನು. ಕಾರಣ ತಿಳಿಯಬೇಕಾದರೆ ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

1560ರ ಸೆಪ್ಟೆಂಬರ್ 8. ಹಿಂದಿನ ದಿನವಷ್ಟೇ ಎಲಿಜಬೆತ್‌ಗೆ 27 ತುಂಬಿತ್ತು. ಅವಳು ಮನಸೋತಿದ್ದ ರಾಬರ್ಟ್ ಡಡ್ಲಿಯ ಹೆಂಡತಿ ಏಮಿ, ಮನೆಯಾಳುಗಳೆಲ್ಲ ಜಾತ್ರೆಗೆ ಹೋಗಿದ್ದಾಗ, ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತುಬಿದ್ದಿದ್ದಳು. ಯುರೋಪಿನ ಆಸ್ಥಾನಗಳಲ್ಲೆಲ್ಲ ಗುಸುಗುಸು. ಎಲಿಜಬೆತ್ ಡಡ್ಲಿಯನ್ನು ಅರಮನೆಯಿಂದ ಆಚೆ ಕಳಿಸಿದಳು, ವಿಚಾರಣೆ ನಡೆಯಲು ಬಿಟ್ಟಳು. ಆಕಸ್ಮಿಕ ಸಾವೆಂದು ತೀರ್ಪಾದ ಮೇಲೂ ಅವನನ್ನು ಮದುವೆಯಾಗಲಿಲ್ಲ. ಡಡ್ಲಿ ವಿಧುರನಾಗಿದ್ದ, ಅಡ್ಡಿಯೇನೂ ಉಳಿದಿರಲಿಲ್ಲ, ಆದರೂ ಆಗಲಿಲ್ಲ.

1567ರ ಫೆಬ್ರುವರಿ 10. ಮೇರಿಯ ಗಂಡ ಡಾರ್ನ್ಲಿ ತಂಗಿದ್ದ ಮನೆಯನ್ನು ಎಡಿನ್‌ಬರೋದಲ್ಲಿ ಸಿಡಿಮದ್ದಿಟ್ಟು ಉಡಾಯಿಸಿದರು. ಅವನ ಹೆಣ ಸಿಕ್ಕಿದ್ದು ಹೊರಗಿನ ತೋಟದಲ್ಲಿ, ಮೈಮೇಲೆ ಸುಟ್ಟ ಗಾಯವಿಲ್ಲದೆ. ಜನ ಬೆರಳು ತೋರಿಸಿದ್ದು ಮೇರಿಯ ಆಪ್ತ ಸರದಾರ ಬಾತ್‌ವೆಲ್‌ನತ್ತ. ಎಲಿಜಬೆತ್ ಮೇರಿಗೆ ಪತ್ರ ಬರೆದಳು: ಕೊಲೆಗಾರರನ್ನು ಹಿಡಿಯುವ ಬದಲು ನೀನು ಬೆರಳ ಸಂದಿಯಿಂದ ನೋಡುತ್ತ ಕುಳಿತಿದ್ದೀಯೆ ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂಬ ಅರ್ಥದ ಪತ್ರ ಅದು. ಏಪ್ರಿಲ್‌ನಲ್ಲಿ ವಿಚಾರಣೆಯ ಶಾಸ್ತ್ರ ಮುಗಿದು ಬಾತ್‌ವೆಲ್ ಖುಲಾಸೆಯಾದ. ಮೇ 15ಕ್ಕೆ ಮೇರಿ ಅವನನ್ನೇ ಮದುವೆಯಾದಳು! ಅವನು ಅವಳನ್ನು ಹೊತ್ತೊಯ್ದು ಬಲವಂತ ಮಾಡಿದನೆಂದು ಹೇಳುವ ಇತಿಹಾಸಕಾರರಿದ್ದಾರೆ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ವಿಚಾರಣೆಯನ್ನು ನೆಟ್ಟಗೆ ನಡೆಸಲು ಅದಕ್ಕೂ ಮೊದಲು ಎರಡು ತಿಂಗಳಿತ್ತು. ಜುಲೈ ಹೊತ್ತಿಗೆ ಅವಳ ಕಿರೀಟ ಒಂದು ವರ್ಷದ ಮಗ ಜೇಮ್ಸ್‌ನ ಪಾಲಾಗಿತ್ತು.

ಮೇರಿ ದಡ್ಡಿಯೇನಲ್ಲ. 1561ರಲ್ಲಿ ಹದಿನೆಂಟರ ವಿಧವೆಯಾಗಿ ಫ್ರಾನ್ಸಿನಿಂದ ಮರಳಿದಾಗ, ತಾನು ಕ್ಯಾಥೊಲಿಕ್ ಆಗಿದ್ದರೂ ದೇಶದ ಪ್ರಾಟೆಸ್ಟಂಟ್ ವ್ಯವಸ್ಥೆಯನ್ನು ಮುಟ್ಟಲಿಲ್ಲ. ನಾಲ್ಕು ವರ್ಷ ಚೆನ್ನಾಗಿಯೇ ಆಳಿದಳು. ಎಲಿಜಬೆತ್‌ಗೆ ನಲವತ್ತು ವರ್ಷ ಜೊತೆ ನಿಂತ ಸೆಸಿಲ್‌ನಂಥ ಮಂತ್ರಿಯೂ ಅವಳಿಗೆ ಸಿಗಲಿಲ್ಲ. ಆದರೆ 1568ರಲ್ಲಿ ತನ್ನದೇ ಸರದಾರರಿಗೆ ಸೋತು ಓಡುವಾಗ ಫ್ರಾನ್ಸಿನ ದಾರಿ ಬಿಟ್ಟು ಮೀನುದೋಣಿ ಹತ್ತಿ ಇಂಗ್ಲೆಂಡಿಗೆ ಬಂದಳಲ್ಲ, ಅದಕ್ಕೆ ಏನೆನ್ನುವುದು? ಯಾರ ಸಿಂಹಾಸನ ತನ್ನದೆಂದು ಹೇಳಿಕೊಂಡಿದ್ದಳೋ ಅವಳ ಮನೆಗೇ ಆಶ್ರಯ ಕೇಳಿ ಬಂದಂತಾಯಿತು. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಳು.

ಎಲಿಜಬೆತ್ ಸಾಧ್ವಿಯೇನೂ ಅಲ್ಲ. ತನ್ನ ಕೊಲೆಯ ಸಂಚಿಗೆ ಕೈಜೋಡಿಸಿದಳೆಂದು 1587ರಲ್ಲಿ ಮೇರಿಯ ಮರಣಾಜ್ಞೆಗೆ ಸಹಿ ಹಾಕಿದವಳು ತಾನೇ. ತಲೆ ಉರುಳಿದ ಮೇಲೆ, ಆ ಆಜ್ಞೆಯನ್ನು ಕಳಿಸೆಂದು ನಾನು ಹೇಳಿಯೇ ಇರಲಿಲ್ಲ ಎಂದು ಕಾರ್ಯದರ್ಶಿ ಡೇವಿಸನ್‌ನನ್ನು ಸೆರೆಗೆ ತಳ್ಳಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಓದಿದಾಗಲೆಲ್ಲ ನನಗೆ ಅಸಹ್ಯವಾಗುತ್ತದೆ. ಆದರೂ ಉಪಾಯ ಫಲಿಸಿತು, ಸ್ಕಾಟ್ಲೆಂಡ್ ಯುದ್ಧಕ್ಕೆ ಬರಲಿಲ್ಲ.

1603ರಲ್ಲಿ ಇಂಗ್ಲೆಂಡಿನ ಪಟ್ಟ ಸಿಕ್ಕಿದ್ದು ಮೇರಿಯ ಮಗನಿಗೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಅವನು ಅಲ್ಲಿಗೆ ತಲುಪಿದ್ದು ಎಲಿಜಬೆತ್‌ಳ ಮರ್ಜಿ ಕಾಯುತ್ತ, ಅವಳು ಕೊಡುತ್ತಿದ್ದ ಹಣ ಪಡೆಯುತ್ತ. 1586ರ ಜುಲೈಯಲ್ಲಿ ಅವನು ಅವಳೊಂದಿಗೆ ಒಪ್ಪಂದ ಮಾಡಿಕೊಂಡ. ಅದೇ ತಿಂಗಳು ಅವನ ತಾಯಿ, ಎಲಿಜಬೆತ್‌ಳನ್ನು ಕೊಲ್ಲಲು ಹೊರಟಿದ್ದ ಬಾಬಿಂಗ್ಟನ್‌ಗೆ ಬರೆದ ಉತ್ತರವನ್ನು ಬಿಯರ್ ಪೀಪಾಯಿಯಲ್ಲಿ ಬಚ್ಚಿಟ್ಟು ಹೊರಗೆ ಕಳಿಸುತ್ತಿದ್ದಳು. ಆ ಪೀಪಾಯಿಯ ಏರ್ಪಾಟು ಎಲಿಜಬೆತ್‌ಳ ಬೇಹುಗಾರರದೇ.